ಡ್ಯಾಫೊಡಿಲ್, ಟ್ಯುಲಿಪ್ ಮುಗಿದ ಮೇಲೆ ಖಾಲಿ ಕಾಣುವ ಪಾತಿಯನ್ನು ತುಂಬುವುದು ಹೇಗೆ: ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಮಾರ್ಗದರ್ಶಿ

ಮೇ ತಿಂಗಳು ಬಂತೆಂದರೆ ಗೆಳೆಯರಿಂದ ನನಗೆ ಒಂದೇ ಥರದ ಫೋಟೊಗಳು ಬರುತ್ತವೆ. ಮನೆ ಮುಂದಿನ ಪಾತಿ. ಎರಡು ವಾರದ ಹಿಂದೆ ಹಳದಿ ಡ್ಯಾಫೊಡಿಲ್, ಕೆಂಪು ಟ್ಯುಲಿಪ್ ತುಂಬಿದ್ದ ಜಾಗದಲ್ಲಿ ಈಗ ಅಡ್ಡಾದಿಡ್ಡಿ ಬಿದ್ದ ಎಲೆ, ನಡುನಡುವೆ ಬರೀ ಮಣ್ಣು. ಜೊತೆಗೊಂದು ಪ್ರಶ್ನೆ: "ಇದನ್ನೆಲ್ಲ ಕತ್ತರಿಸಿ ಬೇರೆ ಗಿಡ ಹಾಕಬಹುದಾ?" ಮುಂದಿನ ಏಪ್ರಿಲ್‌ನಲ್ಲಿ ಅದೇ ಮನೆಗಳಿಂದ ಇನ್ನೊಂದು ಪ್ರಶ್ನೆ ಬರುತ್ತದೆ: "ಈ ಸಲ ಬರೀ ಎಲೆ ಬಂದಿದೆ, ಒಂದೂ ಹೂವಿಲ್ಲ, ಯಾಕೆ?"

ಕತ್ತರಿಸಿದ್ದೇ ಕಾರಣ. ಆ ಪಾತಿ ಖಾಲಿ ಆಗಿರಲಿಲ್ಲ. ಗೆಡ್ಡೆ ಮಣ್ಣಿನೊಳಗೆ ಮುಂದಿನ ವರ್ಷದ ಹೂವಿಗೆ ಊಟ ಕೂಡಿಡುತ್ತಿತ್ತು. ನಾವು ಮಾಡಬೇಕಾದ್ದು ಆ ಕೆಲಸಕ್ಕೆ ಅಡ್ಡಿಯಾಗದಂತೆ ಸುತ್ತಲಿನ ಜಾಗ ತುಂಬುವುದು. ಇದರಲ್ಲಿ ಯಾವ ಗಿಡ ಅನ್ನುವುದಕ್ಕಿಂತ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೇ ಮುಖ್ಯ.

ಇಲ್ಲಿರುವ ತಾರೀಖುಗಳು ಮಧ್ಯ ನ್ಯೂಜೆರ್ಸಿಯವು. ನಾನಿರುವುದು ಇಲ್ಲೇ. ಬಾಸ್ಟನ್ ಕಡೆಯವರು ಒಂದೆರಡು ವಾರ ಮುಂದಕ್ಕೆ, ವರ್ಜೀನಿಯಾದವರು ಒಂದೆರಡು ವಾರ ಹಿಂದಕ್ಕೆ ಹಾಕಿಕೊಳ್ಳಿ. ಬೆಂಗಳೂರು, ಮೈಸೂರಿಗೆ ಇದು ಹೊಂದುವುದಿಲ್ಲ. ಈ ಗೆಡ್ಡೆಗಳು ವರ್ಷವರ್ಷ ಹೂ ಬಿಡಲು ಬೇಕಾದ ಚಳಿ ಅಲ್ಲಿ ಸಿಗುವುದಿಲ್ಲ.

ಮೊದಲು ಕೈಗೆ ಬೇಕಾದ ಸಾಮಾನು

ಇಂಚಿನ ಗುರುತಿರುವ ಕಿರಿದಾದ ಕೈಸನಿಕೆ. ಸಣ್ಣ ಕತ್ತರಿ. ಕೈಗವಸು, ಯಾಕೆಂದರೆ ಡ್ಯಾಫೊಡಿಲ್ ರಸ ತಾಗಿದರೆ ಕೆಲವರಿಗೆ ಕೈ ಕೆರೆತ ಬರುತ್ತದೆ. ಐವತ್ತು ಗಾಲ್ಫ್ ಟೀ (ಗಾಲ್ಫ್ ಚೆಂಡು ಇಡಲು ನೆಲಕ್ಕೆ ಚುಚ್ಚುವ ಪುಟ್ಟ ಗೂಟ), ಇಲ್ಲವೇ ಐಸ್‌ಕ್ರೀಮ್ ಕಡ್ಡಿ. ಸಾರಜನಕ ಕಡಿಮೆ ಇರುವ ಗೊಬ್ಬರ. ಚೀಲದ ಮೇಲೆ 5-10-10 ಎಂದಿರುತ್ತದಲ್ಲ, ಆ ಥರದ್ದು (ಮೊದಲ ಅಂಕಿಯೇ ಸಾರಜನಕ). ಉದ್ದ ಮೂತಿಯ ನೀರಿನ ಕ್ಯಾನ್. ದೊಡ್ಡ ಸನಿಕೆ, ಮಣ್ಣು ಅಗೆಯುವ ಯಂತ್ರ ಎರಡೂ ಬೇಡ. ಗೆಡ್ಡೆ ಇರುವ ಪಾತಿಗೆ ಅವನ್ನು ತರಲೇಬೇಡಿ.

ಹಂತ 1: ಹೂ ಇರುವಾಗಲೇ ಗುರುತು ಮಾಡಿ (ಏಪ್ರಿಲ್)

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಹೂ ಅರಳಿದ್ದಾಗ ಎಲ್ಲಿ ಏನಿದೆ ಎಂದು ಕಣ್ಣಿಗೇ ಕಾಣುತ್ತದೆ, ಮರೆಯುವುದಿಲ್ಲ ಅನಿಸುತ್ತದೆ. ಜೂನ್ ಕೊನೆಗೆ ಎಲೆ ಮಾಯವಾದ ಮೇಲೆ ಒಂದು ಗೆಡ್ಡೆಯೂ ಎಲ್ಲಿದೆ ಎಂದು ಗೊತ್ತಾಗುವುದಿಲ್ಲ.

ಪ್ರತಿ ಗುಂಪಿನ ಸುತ್ತ ನಾಲ್ಕು ಗಾಲ್ಫ್ ಟೀ ಚುಚ್ಚಿ. ಡ್ಯಾಫೊಡಿಲ್‌ಗೆ ಒಂದು ಬಣ್ಣ, ಟ್ಯುಲಿಪ್‌ಗೆ ಇನ್ನೊಂದು. ತಲೆ ಮಣ್ಣಿನ ಮಟ್ಟಕ್ಕೆ ಇರಲಿ, ಆಗ ಕಾಲಿಗೆ ತಾಗುವುದಿಲ್ಲ. ನಂತರ ಮನೆಯ ಬಾಗಿಲು ಅಥವಾ ಕಿಟಕಿಯ ಮೂಲೆ ಕಾಣುವ ಹಾಗೆ ಒಂದು ಫೋಟೊ ತೆಗೆಯಿರಿ. ಬರೀ ಹೂವಿನ ಫೋಟೊ ಎಷ್ಟು ಚೆನ್ನಾಗಿದ್ದರೂ ಆಮೇಲೆ ಜಾಗ ಹುಡುಕಲು ಉಪಯೋಗಕ್ಕೆ ಬರುವುದಿಲ್ಲ.

ಇದೇ ಹೊತ್ತಿಗೆ ಖಾಲಿ ಜಾಗ ಅಳೆದುಕೊಳ್ಳಿ. ಗುಂಪಿನಿಂದ ಗುಂಪಿಗೆ ಎಷ್ಟು ಇಂಚು? ಸಾಮಾನ್ಯವಾಗಿ 10ರಿಂದ 18 ಇಂಚು ಸಿಗುತ್ತದೆ. ಎಷ್ಟು ಸಸಿ ಬೇಕು ಎನ್ನುವ ಲೆಕ್ಕ ಅಲ್ಲೇ ಆಗುತ್ತದೆ. ನರ್ಸರಿಯಲ್ಲಿ ಕಂಡದ್ದನ್ನೆಲ್ಲ ತಂದು ಆಮೇಲೆ ಜಾಗ ಹುಡುಕುವ ಕಷ್ಟ ತಪ್ಪುತ್ತದೆ.

ಹಂತ 2: ಬಾಡಿದ ಹೂ ತೆಗೆಯಿರಿ, ಕಾಂಡ ಬಿಡಿ

ಹೂ ಬಾಡಿದ ಮೇಲೆ ಅದರ ಹಿಂದೆ ಹಸಿರು ಗಂಟೊಂದು ಉಬ್ಬಿಕೊಳ್ಳುತ್ತದೆ. ಅದು ಬೀಜದ ಕಾಯಿ. ಅದನ್ನು ಮಾತ್ರ ಚಿವುಟಿ. ಬಿಟ್ಟರೆ ಗೆಡ್ಡೆಗೆ ಹೋಗಬೇಕಾದ ಶಕ್ತಿ ಬೀಜಕ್ಕೆ ಹೋಗುತ್ತದೆ. ಹಸಿರು ಕಾಂಡವೂ ಎಲೆಯ ಹಾಗೇ ಊಟ ತಯಾರಿಸುತ್ತದೆ, ಅದು ನಿಂತಿರಲಿ. ಕ್ರೋಕಸ್, ಸ್ನೋಡ್ರಾಪ್, ಸಿಲ್ಲಾದಂಥ ಪುಟ್ಟ ಗೆಡ್ಡೆಗಳ ತಂಟೆಗೆ ಹೋಗಬೇಡಿ. ಅವು ಬೀಜ ಉದುರಿಸಿ ತಾವೇ ಹರಡುತ್ತವೆ.

ಗೊಬ್ಬರ ಹಾಕುವುದಿದ್ದರೆ ಎಲೆ ಚೆನ್ನಾಗಿ ಹಸಿರಿರುವಾಗಲೇ ಹಾಕಿ, ಚೀಲದ ಮೇಲೆ ಬರೆದಷ್ಟೇ. ಎಲೆ ಹಳದಿಯಾದ ಮೇಲೆ ಹಾಕಿದ್ದು ಗೆಡ್ಡೆಗೆ ಸಿಗುವುದಿಲ್ಲ. ಲಾನ್‌ಗೆ ಹಾಕುವ ಗೊಬ್ಬರ ಪಾತಿಗೆ ಬೀಳದಂತೆ ನೋಡಿಕೊಳ್ಳಿ. ಅದರಲ್ಲಿ ಸಾರಜನಕ ಜಾಸ್ತಿ. ಎಲೆ ಸೊಂಪಾಗಿ ಬೆಳೆಯುತ್ತದೆ, ಗೆಡ್ಡೆ ಮೆತ್ತಗಾಗಿ ಕೊಳೆಯುತ್ತದೆ.

ಹಂತ 3: ಎಲೆಯನ್ನು ಕಾಯಿರಿ (ಮೇ ಪೂರ್ತಿ, ಜೂನ್ ಅರ್ಧ)

ಎಲ್ಲರೂ ಸೋಲುವುದು ಇಲ್ಲಿ. ನಾನೂ ಸೋತಿದ್ದೆ. ಮನೆ ಕೊಂಡ ಮೊದಲ ವರ್ಷ ಮೇ ತಿಂಗಳಲ್ಲಿ ಅಪ್ಪ, ಅಮ್ಮ ಊರಿಂದ ಬರುವವರಿದ್ದರು. ಬಾಗಿಲ ಮುಂದೆ ಒಣಗಿದ ಎಲೆ ಬಿದ್ದಿರಬಾರದು ಎಂದು ಒಂದು ಶನಿವಾರ ಎಲ್ಲವನ್ನೂ ಬುಡಕ್ಕೆ ಕತ್ತರಿಸಿದೆ. ಪಾತಿ ಸ್ವಚ್ಛವಾಯಿತು. ಮುಂದಿನ ವಸಂತದಲ್ಲಿ ಸುಮಾರು ಅರವತ್ತು ಗೆಡ್ಡೆಗಳಲ್ಲಿ ಹೂ ಬಂದದ್ದು ಏಳಕ್ಕೆ. ಉಳಿದವು ಸರಿಯಾಗಿ ಹೂ ಬಿಡಲು ಇನ್ನೂ ಎರಡು ವರ್ಷ ಕಾಯಬೇಕಾಯಿತು.

ಹೂ ಮುಗಿದ ಮೇಲೆ ಡ್ಯಾಫೊಡಿಲ್ ಎಲೆಗೆ ಕಡಿಮೆ ಎಂದರೂ 6 ವಾರ ಬಿಸಿಲು ಬೇಕು, 8 ವಾರ ಆದರೆ ಇನ್ನೂ ಒಳ್ಳೆಯದು. ಮುಂದಿನ ವರ್ಷದ ಮೊಗ್ಗು ಗೆಡ್ಡೆಯೊಳಗೆ ಮೂಡಲು ಶುರುವಾಗುವುದೂ ಹೆಚ್ಚುಕಡಿಮೆ ಇದೇ ಕಾಲದಲ್ಲಿ. ಎಲೆಯನ್ನು ಜಡೆ ಹೆಣೆಯುವುದು, ಮಡಚಿ ರಬ್ಬರ್ ಬ್ಯಾಂಡ್ ಹಾಕುವುದು, ಗಂಟು ಕಟ್ಟುವುದು, ಇವೆಲ್ಲ ನೋಡಲು ಅಚ್ಚುಕಟ್ಟು. ಆದರೆ ಕಟ್ಟಿದ ಎಲೆಗೆ ಬಿಸಿಲು ಬೀಳುವುದಿಲ್ಲ. ಅರ್ಧ ಕತ್ತರಿಸಿದ ಹಾಗೇ ಆಗುತ್ತದೆ.

ಯಾವಾಗ ತೆಗೆಯಬಹುದು? ಕ್ಯಾಲೆಂಡರ್ ನೋಡಬೇಡಿ, ಎಲೆಯನ್ನು ಹಿಡಿದು ನೋಡಿ. ಎರಡು ಬೆರಳಲ್ಲಿ ಬುಡದ ಹತ್ತಿರ ಹಿಡಿದು ಮೆಲ್ಲಗೆ ಮೇಲೆತ್ತಿ. ಇನ್ನೂ ಹಿಡಿದುಕೊಂಡಿದ್ದರೆ ತಕ್ಷಣ ಬಿಟ್ಟುಬಿಡಿ, ಮುಂದಿನ ವಾರ ಬನ್ನಿ. ಸಿದ್ಧವಾದ ಎಲೆ ಭತ್ತದ ಹುಲ್ಲಿನ ಬಣ್ಣಕ್ಕೆ ತಿರುಗಿರುತ್ತದೆ, ಕಾಗದದಷ್ಟು ಹಗುರ, ಎಳೆಯುವ ಮೊದಲೇ ಕೈಗೆ ಬಂದಿರುತ್ತದೆ. ಬುಡದಲ್ಲಿ ಒಂದಿಷ್ಟೂ ಬಿಳಿ ಇರುವುದಿಲ್ಲ. ನಮ್ಮಲ್ಲಿ ಟ್ಯುಲಿಪ್ ಜೂನ್ ಮೊದಲ ವಾರಕ್ಕೆ, ಡ್ಯಾಫೊಡಿಲ್ ಜೂನ್ ಮಧ್ಯಕ್ಕೆ ಅಥವಾ ಇನ್ನೂ ತಡವಾಗಿ ಈ ಸ್ಥಿತಿಗೆ ಬರುತ್ತವೆ.

ಹುಲ್ಲು ಕತ್ತರಿಸಲು ಹೊರಗಿನವರು ಬರುತ್ತಾರಾ? ಹಾಗಾದರೆ ಅಂಚಿನ ಪಾತಿಗೆ ಮೇ ತಿಂಗಳಲ್ಲಿ ಹಗ್ಗ ಕಟ್ಟಿ. ಸುರುಳಿ ಬಿದ್ದ ಎಲೆ ಅವರ ಕಣ್ಣಿಗೆ ಕಳೆಯ ಹಾಗೇ ಕಾಣುತ್ತದೆ. ಒಂದು ನಿಮಿಷದಲ್ಲಿ ತಂತಿಯಂತ್ರ ಎಲ್ಲವನ್ನೂ ಸವರಿಬಿಡುತ್ತದೆ.

ಎಚ್ಚರಿಕೆಯ ಗುರುತುಗಳು: ಹೂ ಮುಗಿದು ಮೂರೇ ವಾರಕ್ಕೆ ಒಂದು ಗುಂಪು ಮಾತ್ರ ಹಳದಿಯಾದರೆ ಅನುಮಾನ ಪಡಿ. ಒಂದು ಗೆಡ್ಡೆ ಎತ್ತಿ ಬುಡ ಒತ್ತಿ ನೋಡಿ. ಗಟ್ಟಿ ಇದ್ದರೆ ನೀರು ಕಡಿಮೆಯಾಗಿದೆ ಅಷ್ಟೇ. ಬೇರು ಬರುವ ಜಾಗ ಕಂದಾಗಿ ಮೆತ್ತಗಿದ್ದರೆ ಬುಡಕೊಳೆ ರೋಗ. ಆ ಗೆಡ್ಡೆ ಕಾಂಪೋಸ್ಟ್‌ಗೆ ಬೇಡ, ಕಸದ ಚೀಲಕ್ಕೆ ಹಾಕಿ. ಆ ಜಾಗದಲ್ಲಿ ಮತ್ತೆ ಡ್ಯಾಫೊಡಿಲ್ ಹಾಕಲೂಬೇಡಿ.

ಹಂತ 4: ಟ್ಯುಲಿಪ್ ಇರಬೇಕೋ ಹೋಗಬೇಕೋ, ಈಗಲೇ ನಿರ್ಧರಿಸಿ

ಡ್ಯಾಫೊಡಿಲ್ ವರ್ಷವರ್ಷ ಬರುತ್ತದೆ. ಅಂಗಡಿಯ ಹೆಚ್ಚಿನ ಟ್ಯುಲಿಪ್‌ಗಳು ಹಾಗಲ್ಲ. ಮೊದಲ ವರ್ಷ ಜೋರು, ಎರಡನೇ ವರ್ಷ ಸಣ್ಣ ಹೂ, ಮೂರನೇ ವರ್ಷ ಒಂದೇ ಅಗಲ ಎಲೆ. ಡಾರ್ವಿನ್ ಹೈಬ್ರಿಡ್ ಜಾತಿ ಮತ್ತು ಪುಟ್ಟ ಕಾಡು ಟ್ಯುಲಿಪ್‌ಗಳು ಸ್ವಲ್ಪ ಬಾಳಿಕೆ ಬರುತ್ತವೆ. ಉಳಿದವನ್ನು ಹೂ ಮುಗಿದ ಕೂಡಲೇ ಗೆಡ್ಡೆ ಸಮೇತ ಕಿತ್ತುಬಿಡುವುದೇ ಸರಿ ಎನ್ನುವುದು ನನ್ನ ಅಭಿಪ್ರಾಯ. ಹಾಗೆ ಮಾಡಿದರೆ ಮೇ ಮಧ್ಯಕ್ಕೇ ಪೂರ್ತಿ ಜಾಗ ಸಿಗುತ್ತದೆ, ಹೇಗೆ ಬೇಕಾದರೂ ನೆಡಬಹುದು.

ಜಿಂಕೆ ಓಡಾಡುವ ಬಡಾವಣೆಯಾದರೆ ಯೋಚನೆಯೇ ಬೇಡ. ಟ್ಯುಲಿಪ್ ಅಂದರೆ ಅವಕ್ಕೆ ಪ್ರಾಣ. ಡ್ಯಾಫೊಡಿಲ್ ಮುಟ್ಟುವುದಿಲ್ಲ.

ಹಂತ 5: ಗಿಡ ಆರಿಸುವುದು

ಒಳ್ಳೆಯ ತುಂಬುಗಿಡಕ್ಕೆ ಮೂರು ಗುಣ ಬೇಕು. ಬೇರು ಮೇಲುಮೇಲೆ ಇರಬೇಕು. ಜೂನ್‌ವರೆಗೆ ಕುಳ್ಳಗಿದ್ದು, ಆಮೇಲೆ ಬೇಗ ಹಬ್ಬಬೇಕು. ಬೇರೂರಿದ ಮೇಲೆ ನೀರು ಜಾಸ್ತಿ ಕೇಳಬಾರದು. ಈ ಮೂರನೆಯದು ತುಂಬಾ ಮುಖ್ಯ. ನಿದ್ದೆಯಲ್ಲಿರುವ ಗೆಡ್ಡೆಗೆ ಬೇಸಗೆಯಲ್ಲಿ ಒಣಮಣ್ಣು ಬೇಕು. ಟ್ಯುಲಿಪ್ ಮೇಲೆ ಇಂಪೇಷನ್ಸ್ ಅಥವಾ ಕೋಲಿಯಸ್ ನೆಟ್ಟು ದಿನಾ ನೀರು ಹಾಕಿದರೆ ಗೆಡ್ಡೆ ಕೊಳೆಯುತ್ತದೆ.

ನನ್ನ ಮೊದಲ ಆಯ್ಕೆ ಚೆಂಡುಹೂ. ನಮಗೆ ಇಲ್ಲಿ ಹಬ್ಬದ ಲೆಕ್ಕವೂ ಇದೆಯಲ್ವಾ? ಏಪ್ರಿಲ್ ಮಧ್ಯದಲ್ಲಿ ಮನೆಯೊಳಗೆ ಬೀಜ ಹಾಕಿ, ಮೇ ಮಧ್ಯದಲ್ಲಿ ಹೊರಗೆ ನೆಟ್ಟರೆ ವರಮಹಾಲಕ್ಷ್ಮಿಗೆ ಹೂ ಸಿಗುತ್ತದೆ. ಅಲ್ಲಿಂದ ಗೌರಿ ಗಣೇಶ, ನವರಾತ್ರಿ ದಾಟಿ ಮೊದಲ ಹಿಮ (ಸ್ನೋ ಅಲ್ಲ, ಫ್ರಾಸ್ಟ್) ಬೀಳುವವರೆಗೂ ಬಿಡುತ್ತಲೇ ಇರುತ್ತದೆ. ಪಾತಿಯ ಅಂಚಿಗೆ ಕುಳ್ಳು ಜಾತಿ, ಹಾರಕ್ಕೆ ಬೇಕಾದ ದಪ್ಪ ಹೂವಿನ ಎತ್ತರದ ಜಾತಿ ಹಿಂದಕ್ಕೆ.

ಜಿನಿಯಾ ಎರಡನೆಯದು. ಅದಕ್ಕೆ ಟ್ರೇ ಬೇಡ, ಮಣ್ಣು ಬೆಚ್ಚಗಾದ ಮೇಲೆ ನೇರ ಬಿತ್ತಬಹುದು. ಬಿಸಿಲು ಕಾದು ಮಣ್ಣು ಒಣಗುವ ಅಂಚಿಗೆ ಟೇಬಲ್ ರೋಸ್. ಸೇವಂತಿಗೆ ಬೇಕು ಅನ್ನುವವರು ಬೆಳೆದ ಗಿಡವನ್ನು ಸೆಪ್ಟೆಂಬರ್‌ನಲ್ಲಿ ತರುವ ಬದಲು ಚಿಕ್ಕ ಸಸಿಯನ್ನು ಮೇ ತಿಂಗಳಲ್ಲೇ ನೆಡಿ. ಜುಲೈ 4ರವರೆಗೆ ಕುಡಿ ಚಿವುಟುತ್ತಾ ಬಂದರೆ ಗಿಡ ಗುಂಡಗಾಗುತ್ತದೆ, ನವರಾತ್ರಿ ಹೊತ್ತಿಗೆ ಮೊಗ್ಗು ತುಂಬುತ್ತದೆ.

ವರ್ಷವರ್ಷ ನೆಡುವುದು ಬೇಡ ಎನ್ನುವವರಿಗೆ ಡ್ಯಾಫೊಡಿಲ್ ಗುಂಪುಗಳ ನಡುವೆ ಶಾಶ್ವತವಾಗಿ ಕ್ಯಾಟ್‌ಮಿಂಟ್ ಅಥವಾ ಹಾರ್ಡಿ ಜಿರೇನಿಯಂ ಸರಿ. ಡ್ಯಾಫೊಡಿಲ್ ಬೀಳುವ ಹೊತ್ತಿಗೆ ಇವು ಎದ್ದು ಎಲೆಯನ್ನು ಮರೆಮಾಡುತ್ತವೆ. ಡೇಲಿಲಿ ಇನ್ನೂ ಚೆನ್ನ. ಅದರ ಎಲೆ ಡ್ಯಾಫೊಡಿಲ್ ಎಲೆಯಂತೇ ಇರುವುದರಿಂದ ಹಳದಿಯಾದದ್ದು ಗೊತ್ತೇ ಆಗುವುದಿಲ್ಲ. ಆದರೆ ಡೇಲಿಲಿ, ಹೋಸ್ಟಾ ಎರಡೂ ಜಿಂಕೆಗೆ ಇಷ್ಟ. ನಮ್ಮ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದವರು ಯಾವ ಗಿಡವನ್ನು ಜಿಂಕೆ ಎಷ್ಟು ತಿನ್ನುತ್ತದೆ ಎಂದು ದರ್ಜೆ ಹಾಕಿ ಪಟ್ಟಿ ಮಾಡಿದ್ದಾರೆ. ದುಡ್ಡು ಹಾಕುವ ಮೊದಲು ಅದನ್ನು ನೋಡಿ.

ತಿನ್ನುವ ಗಿಡ ಹಾಕುವವರು ಇದನ್ನು ಓದಲೇಬೇಕು

ನಮ್ಮವರ ಮನೆಗಳಲ್ಲಿ ಖಾಲಿ ಮಣ್ಣು ಕಂಡರೆ ಸೊಪ್ಪಿನ ಬೀಜ ಬೀಳುತ್ತದೆ. ಅದು ಒಳ್ಳೆಯದೇ. ಆದರೆ ಡ್ಯಾಫೊಡಿಲ್ ಗೆಡ್ಡೆ ಮತ್ತು ಎಲೆ ಎರಡೂ ವಿಷ. ಗೆಡ್ಡೆ ಈರುಳ್ಳಿಯ ಹಾಗಿರುತ್ತದೆ, ಎಳೆ ಎಲೆ ಬೆಳ್ಳುಳ್ಳಿ ಎಲೆಯ ಹಾಗೆ. ಆ ಪಾತಿಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಹಾಕಲೇಬೇಡಿ. ಊರಿಂದ ಬಂದ ಹಿರಿಯರಿಗೆ ಮೊದಲ ದಿನವೇ ತೋರಿಸಿ ಹೇಳಿ. ಅವರು ಕಾಣದ ಗಿಡ ಅದು.

ಇನ್ನೊಂದು ಮಾತು. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ಬಳಿಯುವುದನ್ನು ನಿಲ್ಲಿಸಿದ್ದು 1978ರಲ್ಲಿ. ಅದಕ್ಕಿಂತ ಹಳೆಯ ಮನೆಯಾದರೆ ಗೋಡೆ ಬುಡದ ಮಣ್ಣಿನಲ್ಲಿ ಸೀಸ ಇರಬಹುದು. ಮಣ್ಣು ಪರೀಕ್ಷೆ ಮಾಡಿಸದೆ ಅಲ್ಲಿ ಸೊಪ್ಪು ಬೆಳೆಯಬೇಡಿ, ಹೂ ಹಾಕಿ.

ಹಂತ 6: ನೆಡುವುದು (ತಾಯಂದಿರ ದಿನದ ನಂತರ)

ಇಲ್ಲಿನ ತೋಟಗಾರರೆಲ್ಲ ಹೇಳುವ ಗಡುವು ತಾಯಂದಿರ ದಿನ, ಅಂದರೆ ಮೇ ಎರಡನೇ ಭಾನುವಾರ. ಅದಕ್ಕೆ ಮುಂಚೆ ಎರಡು ದಿನ ಬಿಸಿಲು ಕಾದರೆ ಮೋಸಹೋಗಬೇಡಿ. ಒಂದೇ ರಾತ್ರಿಯ ಹಿಮಕ್ಕೆ ಚೆಂಡುಹೂ ಸಸಿ ಬೆಂದ ಸೊಪ್ಪಿನ ಹಾಗೆ ಕರ್ರಗಾಗುತ್ತದೆ.

ಒಳಗೆ ಬೆಳೆಸಿದ ಸಸಿಯನ್ನು ನೇರ ಬಿಸಿಲಿಗೆ ಒಯ್ಯಬೇಡಿ. ಮೊದಲ ದಿನ ನೆರಳಲ್ಲಿ ಒಂದು ಗಂಟೆ, ಮರುದಿನ ಎರಡು, ಹೀಗೆ ಏಳರಿಂದ ಹತ್ತು ದಿನ. ಅವಸರ ಮಾಡಿದರೆ ಎಲೆ ಬೆಳ್ಳಗೆ ಸುಟ್ಟುಹೋಗುತ್ತದೆ.

ನೆಡುವಾಗ ಈ ಕ್ರಮ ಬಿಡಬೇಡಿ.

1. ಆರು ಗುಳಿಯ ಟ್ರೇಯಲ್ಲಿ ಬರುವ ಸಣ್ಣ ಸಸಿಯನ್ನೇ ತನ್ನಿ. ಹೆಚ್ಚೆಂದರೆ 4 ಇಂಚಿನ ಕುಂಡ. ಒಂದು ಗ್ಯಾಲನ್ ಕುಂಡದ ಗಿಡಕ್ಕೆ ತೋಡುವ ಗುಂಡಿ ಸೀದಾ ಗೆಡ್ಡೆಯ ಮಟ್ಟಕ್ಕೆ ಹೋಗುತ್ತದೆ. ಡ್ಯಾಫೊಡಿಲ್ ಗೆಡ್ಡೆಯ ಬುಡ 6ರಿಂದ 8 ಇಂಚು ಆಳದಲ್ಲಿರುತ್ತದೆ, ತಲೆ ಅದಕ್ಕಿಂತ ಮೇಲೆ.

2. ಹಿಂದಿನ ದಿನ ಪಾತಿಗೆ ನೀರು ಹಾಕಿ. ನಮ್ಮ ಕಡೆಯ ಜೇಡಿಮಣ್ಣು ಒಣಗಿದ್ದರೆ ಸನಿಕೆಗೆ ಬಲ ಹಾಕಬೇಕಾಗುತ್ತದೆ. ಬಲ ಹಾಕಿದಾಗಲೇ ಗೆಡ್ಡೆ ಸೀಳುವುದು.

3. ಗಾಲ್ಫ್ ಟೀ ಇರುವಲ್ಲಿಂದ 3 ಇಂಚಾದರೂ ದೂರ, ಗುಂಪಿನ ಉತ್ತರ ಬದಿಗೆ ಗುಂಡಿ ತೋಡಿ. ಬಿಸಿಲು ದಕ್ಷಿಣದಿಂದ ಬರುವುದರಿಂದ ಹೊಸ ಗಿಡದ ನೆರಳು ಎಲೆಯ ಮೇಲೆ ಬೀಳುವುದಿಲ್ಲ. ಪುಟ್ಟ ವಿಷಯ ಅನಿಸಬಹುದು, ಆದರೆ ಮೇ ತಿಂಗಳ ಪ್ರತಿ ದಿನದ ಬಿಸಿಲೂ ಲೆಕ್ಕಕ್ಕೆ ಬರುತ್ತದೆ.

4. ಸನಿಕೆಯನ್ನು ಕುಕ್ಕಬೇಡಿ, ನೆಟ್ಟಗೆ ಇಟ್ಟು ಮೆಲ್ಲಗೆ ಒತ್ತಿ. ಕಲ್ಲು ತಾಗಿದರೆ ಗರಗರ ಎನ್ನುತ್ತದೆ. ಗೆಡ್ಡೆ ತಾಗಿದರೆ ಹಸಿ ಆಲೂಗಡ್ಡೆಗೆ ಚಾಕು ಹೋದ ಹಾಗೆ ಕೈಗೆ ಗೊತ್ತಾಗುತ್ತದೆ. ಅಲ್ಲೇ ನಿಲ್ಲಿಸಿ. ಸಿಪ್ಪೆ ಮಾತ್ರ ಗೀರಿದ್ದರೆ ಮಣ್ಣು ಮುಚ್ಚಿ, 4 ಇಂಚು ಪಕ್ಕಕ್ಕೆ ಹೋಗಿ. ಅರ್ಧ ಸೀಳಿದ್ದರೆ ಅದನ್ನು ತೆಗೆದುಬಿಡಿ. ಒಳಗೇ ಕೊಳೆತರೆ ಪಕ್ಕದವಕ್ಕೂ ತೊಂದರೆ.

5. ಬಿದ್ದ ಎಲೆಯನ್ನು ಕತ್ತರಿಸದೆ ಒಂದು ಕೈಯಿಂದ ಪಕ್ಕಕ್ಕೆ ಸರಿಸಿ, ಸಸಿ ಕೂರಿಸಿ, ಬುಡ ಒತ್ತಿ, ಎಲೆಯನ್ನು ಮತ್ತೆ ಬಿಸಿಲಿಗೆ ಬಿಡಿ.

6. ಕುಳ್ಳು ಚೆಂಡುಹೂವಿಗೆ 8 ಇಂಚು, ದಪ್ಪ ಜಾತಿಗೆ 12 ಇಂಚು ಅಂತರ. ನೆಟ್ಟ ದಿನ ಪಾತಿ ತೆಳ್ಳಗೆ ಕಾಣಬೇಕು. ಅಂದೇ ತುಂಬಿದ ಹಾಗೆ ಕಂಡರೆ ಆಗಸ್ಟ್ ಸೆಕೆಯಲ್ಲಿ ಗಾಳಿಯಾಡದೆ ಬೂದಿರೋಗ ಬರುತ್ತದೆ, ಮುಖ್ಯವಾಗಿ ಜಿನಿಯಾಗೆ.

ಹಂತ 7: ನೀರು

ಪೈಪಿನಿಂದ ಇಡೀ ಪಾತಿ ತೋಯಿಸಬೇಡಿ. ಕ್ಯಾನಿನ ಮೂತಿಯಿಂದ ಸಸಿಯ ಬುಡಕ್ಕೆ ಮಾತ್ರ ಹಾಕಿ. ಮೊದಲ ಹತ್ತು ದಿನ ದಿನ ಬಿಟ್ಟು ದಿನ. ಆಮೇಲೆ ಮಳೆ ಬಾರದ ವಾರದಲ್ಲಿ ಒಂದು ಸಲ, ಆಳಕ್ಕೆ ಇಳಿಯುವಷ್ಟು. ಮಧ್ಯಾಹ್ನ ಎಲೆ ಬಾಗಿ ಸಂಜೆ ಎದ್ದರೆ ಗಾಬರಿ ಬೇಡ. ಬೆಳಿಗ್ಗೆಯೂ ಬಾಗಿದ್ದರೆ ನೀರು ಬೇಕು. ಸ್ವಯಂಚಾಲಿತ ಸಿಂಪರಣೆ ಇರುವವರು ಆ ಪಾತಿಯ ಮೂತಿಯನ್ನು ಮುಚ್ಚಿಬಿಡಿ.

ಹಂತ 8: ಎಲೆ ಹೋದ ಮೇಲೆ ಎರಡನೇ ಸುತ್ತು (ಜೂನ್ ಮಧ್ಯ)

ಎಲೆ ಎತ್ತಿದ ಜಾಗದಲ್ಲಿ ಬೆರಳು ಹೋಗುವಷ್ಟು ತೂತು ಉಳಿಯುತ್ತದೆ. ಅದನ್ನು ಹಾಗೇ ಬಿಡಬೇಡಿ. ದುಂಬಿಯ ಹಾಗೆ ಕಾಣುವ ಒಂದು ನೊಣ ಮೇ, ಜೂನ್‌ನಲ್ಲಿ ಡ್ಯಾಫೊಡಿಲ್ ಬುಡದಲ್ಲಿ ಮೊಟ್ಟೆ ಇಡುತ್ತದೆ. ಹುಳು ಗೆಡ್ಡೆಯೊಳಗೆ ಇಳಿದು ನಡುಭಾಗ ತಿಂದುಹಾಕುತ್ತದೆ. ಬೆರಳಿನಿಂದ ಮಣ್ಣು ಕೆದಕಿ ತೂತು ಮುಚ್ಚಿ, ಅಂಗೈಯಿಂದ ಒತ್ತಿ.

ಈಗ ಉಳಿದ ಸಂದುಗಳಿಗೆ ಬೀಜ ಬಿತ್ತುವ ಸಮಯ. ಮಣ್ಣು ಬೆಚ್ಚಗಿರುತ್ತದೆ, ನಾಲ್ಕೈದು ದಿನದಲ್ಲಿ ಜಿನಿಯಾ ಮೊಳೆಯುತ್ತದೆ. ಈಗ ಬಿತ್ತಿದ ಕುಳ್ಳು ಚೆಂಡುಹೂ ಆಗಸ್ಟ್‌ನಲ್ಲಿ, ದಪ್ಪ ಜಾತಿ ಸೆಪ್ಟೆಂಬರ್‌ನಲ್ಲಿ ಬಿಡುತ್ತದೆ. ಗೋಡೆಯಿಂದ ದೂರದ ಒಳ್ಳೆ ಮಣ್ಣಾದರೆ ಹರಿವೆ ಹಾಕಿ. ಒಂದು ತಿಂಗಳಲ್ಲಿ ಹುಳಿಗೆ ಆಗುತ್ತದೆ. ಕೀಳಬೇಡಿ, ಕತ್ತರಿಸಿ, ಕಿತ್ತರೆ ಕೆಳಗಿನ ಮಣ್ಣು ಅಲ್ಲಾಡುತ್ತದೆ.

ಬೀಜ ಹಾಕಲೂ ಪುರುಸೊತ್ತಿಲ್ಲವೇ? ಚಳಿಗಾಲವೆಲ್ಲ ಒಳಗಿದ್ದ ಕರಿಬೇವು, ಮಲ್ಲಿಗೆ ಕುಂಡಗಳು ಇಷ್ಟೊತ್ತಿಗೆ ಡೆಕ್ ಮೇಲೆ ಬಂದಿರುತ್ತವೆ. ಅವನ್ನೇ ಖಾಲಿ ಜಾಗದಲ್ಲಿಡಿ. ಕೆಳಗೆ ಎರಡು ಇಟ್ಟಿಗೆ, ಅದರ ಮೇಲೆ ತಟ್ಟೆ, ತಟ್ಟೆಯಲ್ಲಿ ಕುಂಡ. ತಟ್ಟೆ ಇಲ್ಲದಿದ್ದರೆ ಕುಂಡದ ನೀರೆಲ್ಲ ಗೆಡ್ಡೆಗೆ ಇಳಿಯುತ್ತದೆ. ಎಲೆ ಇನ್ನೂ ಹಸಿರಿರುವ ಗುಂಪಿನ ಮೇಲೆ ಕುಂಡ ಇಡಬಾರದು.

ಕೊನೆಗೆ ಎರಡು ಇಂಚು ತೊಗಟೆ ಚೂರು ಅಥವಾ ಒಣ ಎಲೆ ಹಾಸಿ. ಗಿಡದ ಕಾಂಡಕ್ಕೆ ತಾಗದಂತೆ ಒಂದು ಬೆರಳು ಜಾಗ ಬಿಡಿ.

ಹೂ ವರ್ಷವರ್ಷ ಕಡಿಮೆಯಾಗುತ್ತಿರುವ ಗುಂಪಿದ್ದರೆ ಅದನ್ನು ಈಗಲೇ ಅಗೆದು ನೋಡಿ. ಒತ್ತೊತ್ತಾಗಿ ಸಣ್ಣ ಗೆಡ್ಡೆ ತುಂಬಿದ್ದರೆ ಬಿಡಿಸಿ, ಕೊಳೆತವನ್ನು ಬಿಸಾಡಿ, ಉಳಿದವನ್ನು ಈರುಳ್ಳಿ ಬರುವ ಬಲೆಚೀಲದಲ್ಲಿ ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಿ. ಅಡುಗೆಮನೆಯ ಹತ್ತಿರ ಮಾತ್ರ ಬೇಡ, ಚೀಲಕ್ಕೆ ಹೆಸರು ಬರೆದಿಡಿ. ಅಕ್ಟೋಬರ್‌ನಲ್ಲಿ ಮತ್ತೆ ನೆಡಬಹುದು.

ಹಂತ 9: ಹಿಮ ಬಿದ್ದ ಮೇಲೆ (ಅಕ್ಟೋಬರ್ ಕೊನೆ)

ಕಪ್ಪಾದ ಚೆಂಡುಹೂ ಗಿಡವನ್ನು ಹಿಡಿದು ಎಳೆಯಬೇಕು ಅನಿಸುತ್ತದೆ. ಎಳೆಯಬೇಡಿ. ಅಷ್ಟೊತ್ತಿಗೆ ಡ್ಯಾಫೊಡಿಲ್ ಹೊಸ ಬೇರು ಬಿಟ್ಟಿರುತ್ತದೆ. ಚೆಂಡುಹೂವಿನ ಬೇರಿನ ಜೊತೆ ಗೆಡ್ಡೆಯೂ ಎದ್ದುಬರುತ್ತದೆ. ನೆಲಮಟ್ಟಕ್ಕೆ ಕತ್ತರಿಸಿ, ಬೇರು ಅಲ್ಲೇ ಕರಗಲಿ. ಗಾಲ್ಫ್ ಟೀ ಮೇಲೆದ್ದಿದ್ದರೆ ಮತ್ತೆ ಒತ್ತಿ. ಫೋಟೊ ತೆರೆದು, ನಿಜಕ್ಕೂ ಖಾಲಿ ಇರುವ ಕಡೆ ಹೊಸ ಗೆಡ್ಡೆ ಹಾಕಿ.

ಹಿಮಕ್ಕೆ ಮೊದಲೇ, ಆಯುಧ ಪೂಜೆಗೆ ಕಾರಿಗೆ ಕಟ್ಟಿದ ಹಾರ ಒಣಗಿದಾಗ, ನಾಲ್ಕು ಹೂ ಬಿಡಿಸಿ ಇಟ್ಟುಕೊಂಡಿರಿ. ಒಳಗಿನ ಕಪ್ಪು ಕಡ್ಡಿಯಂಥ ಬೀಜ ಗಟ್ಟಿಯಾಗಿದ್ದರೆ ಕಾಗದದ ಕವರಿಗೆ ಹಾಕಿ, ಮೇಲೆ "ಏಪ್ರಿಲ್ 15" ಎಂದು ಬರೆದು ಒಣ ಜಾಗದಲ್ಲಿಡಿ.